ಐದೂವರೆ ಸಾವಿರದ ಮ್ಯಾಂಡೋಲಿನ್

ನಮ್ಮ ಕೂಟದಲ್ಲಿ ಏನೋ ಒಂದು ಕಮ್ಮಿ ಇದೆ ಅಂತ ಮೊದಲು ಹೇಳಿದ್ದು ವಿರಾಜಪೇಟೆಯ ಅಣ್ಣ. ಅವರು ಫಿಡಲ್, ಅಂದರೆ ಪಿಟೀಲು ನುಡಿಸುತ್ತಾರೆ. ನಾನು ಹದಿನಾಲ್ಕು ವರ್ಷದಿಂದ ಗಿಟಾರ್, ನಾಲ್ಕು ವರ್ಷದಿಂದ ಬ್ಯಾಂಜೊ. ನನ್ನ ಅಕ್ಕನ ಮಗ ಬಾಸ್ ಗಿಟಾರ್. ಸುಂಟಿಕೊಪ್ಪದ ಹತ್ತಿರ ನಮ್ಮ ತೋಟದ ಮನೆ ಇದೆ. ಅಲ್ಲಿ ಕಾಫಿ ಒಣಗಿಸುವ ಕಣದ ಪಕ್ಕ ಒಂದು ಶೆಡ್ಡು. ತಿಂಗಳಿಗೆ ಎರಡು ಭಾನುವಾರ ಅಲ್ಲಿ ಸೇರುತ್ತೇವೆ. ನುಡಿಸುವುದು ಬ್ಲೂಗ್ರಾಸ್, ಅಂದರೆ ಅಮೆರಿಕದ ಹಳ್ಳಿಗಾಡಿನ ತಂತಿವಾದ್ಯಗಳ ಸಂಗೀತ. ಸೇನೆಯಲ್ಲಿದ್ದ ಚಿಕ್ಕಪ್ಪ ತಂದ ಕ್ಯಾಸೆಟ್ಟುಗಳಿಂದ ಹತ್ತಿದ ಹುಚ್ಚು ಇದು, ಇನ್ನೂ ಬಿಟ್ಟಿಲ್ಲ.

"ಹಾಡು ಓಡ್ತದೆ ಮಾರಾಯ, ಆದ್ರೆ ಕಾಲು ನೆಲಕ್ಕೆ ತಾಗೋದಿಲ್ಲ" ಅಂದರು ಅಣ್ಣ. ಅವರು ಹೇಳಿದ್ದು ಸರಿ ಇತ್ತು. ಬ್ಲೂಗ್ರಾಸ್‌ನಲ್ಲಿ ಸಾಮಾನ್ಯವಾಗಿ ಡ್ರಮ್ ಇರುವುದಿಲ್ಲ. ಡ್ರಮ್ಮಿನ ಕೆಲಸ ಮಾಡುವುದು ಮ್ಯಾಂಡೋಲಿನ್. ಬಾಸ್ 'ದುಂ' ಅನ್ನುತ್ತದೆ, ಅದರ ಹಿಂದೆಯೇ ಮ್ಯಾಂಡೋಲಿನ್ 'ಚಕ್' ಅನ್ನುತ್ತದೆ. ದುಂ ಚಕ್, ದುಂ ಚಕ್. ಆ 'ಚಕ್' ಅನ್ನುವುದಕ್ಕೆ ಚಾಪ್ ಅಂತ ಹೆಸರು. ನಮ್ಮಲ್ಲಿ ಬರೀ ದುಂ ಇತ್ತು. ನಾನು ಗಿಟಾರ್‌ನಲ್ಲಿ ಎಷ್ಟು ಬಡಿದರೂ ಆ ಚಕ್ ಬರುತ್ತಿರಲಿಲ್ಲ. ಗಿಟಾರ್ ತಂತಿ ತುಂಬ ಹೊತ್ತು ಮೊಳಗುತ್ತದೆ. ಚಾಪ್‌ಗೆ ಬೇಕಾಗಿರುವುದು ಹುಟ್ಟಿದ ಕೂಡಲೇ ಸಾಯುವ ಸದ್ದು.

ಹಾಗಾಗಿ ಜನವರಿಯಲ್ಲಿ, ರೊಬಸ್ಟಾ ಕೊಯ್ಲಿನ ಮಧ್ಯೆ, ನಾನು ಒಂದು ಮ್ಯಾಂಡೋಲಿನ್ ತರಿಸಿದೆ. 5,500 ರೂಪಾಯಿ. ಕೊಯ್ಲಿನ ಸಮಯದಲ್ಲಿ ಆಳುಗಳ ಕೂಲಿ ಬಿಟ್ಟು ಬೇರೆ ಯಾವುದಕ್ಕೂ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ. ಅದಕ್ಕಿಂತ ಜಾಸ್ತಿ ಹಾಕುವ ಧೈರ್ಯ ಬರಲಿಲ್ಲ.

ಕೊಳ್ಳುವಾಗ ಒಂದು ವಿಷಯ ಮಾತ್ರ ಸರಿಯಾಗಿ ಮಾಡಿದ್ದೆ. ಮ್ಯಾಂಡೋಲಿನ್‌ನಲ್ಲಿ ಮುಖ್ಯವಾಗಿ ಎರಡು ಆಕಾರ. ಎ ಅಂದರೆ ಸರಳವಾದ ನೀರಿನ ಹನಿಯ ಆಕಾರ. ಎಫ್ ಅಂದರೆ ಹೆಗಲಲ್ಲಿ ಸುರುಳಿ, ಪಕ್ಕದಲ್ಲಿ ಚೂಪು ಮೂಲೆಗಳು ಇರುವ ಆಕಾರ. ಫೋಟೋಗಳಲ್ಲಿ ಬ್ಲೂಗ್ರಾಸ್ ದೊಡ್ಡವರ ಕೈಯಲ್ಲಿ ಜಾಸ್ತಿ ಕಾಣುವುದು ಎಫ್. ಆದರೆ ಆ ಸುರುಳಿ ಕೊರೆಯಲು ತುಂಬ ಕೆಲಸ ಬೇಕು, ಸದ್ದಿಗೆ ಅದರಿಂದ ಸಿಗುವುದು ಬಹಳ ಕಮ್ಮಿ. ಒಂದೇ ಬೆಲೆಗೆ ಎರಡೂ ಸಿಕ್ಕರೆ, ಎಫ್‌ನಲ್ಲಿ ದುಡ್ಡು ಸುರುಳಿಗೆ ಹೋಗಿರುತ್ತದೆ. ಎ ಆಕಾರದಲ್ಲಿ ಅದೇ ದುಡ್ಡು ಮರಕ್ಕೆ, ಕೆಲಸಕ್ಕೆ ಹೋಗಿರುತ್ತದೆ. ನಾನು ತರಿಸಿದ್ದು ಎ.

ಪೆಟ್ಟಿಗೆ ಬಿಚ್ಚಿದಾಗ ಬ್ರಿಡ್ಜ್, ಅಂದರೆ ತಂತಿಗಳನ್ನು ಹೊತ್ತು ನಿಲ್ಲುವ ತುಂಡು, ಬೇರೆಯಾಗಿ ಕಾಗದದಲ್ಲಿ ಸುತ್ತಿ ಬಂದಿತ್ತು. ಗಿಟಾರ್‌ನ ಬ್ರಿಡ್ಜ್ ಅಂಟು ಹಾಕಿ ಕೂರಿಸಿರುತ್ತದೆ. ಮ್ಯಾಂಡೋಲಿನ್‌ನದು ಹಾಗಲ್ಲ, ಫಿಡಲ್‌ನ ಹಾಗೆ ತಂತಿಯ ಒತ್ತಡದಲ್ಲಿ ಸುಮ್ನೆ ನಿಂತಿರುತ್ತದೆ. ನಾನು ಕಣ್ಣಳತೆಯಲ್ಲಿ ಇಟ್ಟು ತಂತಿ ಬಿಗಿದೆ. ಎಂಟು ತಂತಿ, ನಾಲ್ಕು ಜೋಡಿ. ದಪ್ಪದಿಂದ ತೆಳುವಿಗೆ ಅವುಗಳ ಸ್ವರ ಜಿ, ಡಿ, ಎ, ಇ.

ಎರಡು ವಾರ ನುಡಿಸಿದೆ. ಬೆರಳು ಉರಿಯಿತು. ಹದಿನಾಲ್ಕು ವರ್ಷ ಗಿಟಾರ್ ನುಡಿಸಿ ದಡ್ಡುಗಟ್ಟಿದ ಬೆರಳುಗಳು ಅವು! ಸುಲಭದ ಕಾರ್ಡುಗಳೂ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಕಿವಿಗೆ ಹುಳಿ ಹುಳಿಯಾಗಿ ಕೇಳುತ್ತಿದ್ದವು. ತಪ್ಪು ನನ್ನದೇ ಅಂದುಕೊಂಡು ಇನ್ನೂ ಬಲವಾಗಿ ಒತ್ತಿದೆ. ಇನ್ನೂ ಹುಳಿಯಾಯಿತು.

ಆ ಭಾನುವಾರ ಅಣ್ಣ ಅದನ್ನು ಕೈಗೆತ್ತಿಕೊಂಡರು. ಫಿಡಲ್‌ಗೂ ಮ್ಯಾಂಡೋಲಿನ್‌ಗೂ ಶ್ರುತಿ ಒಂದೇ. ಇದು ಪಾಶ್ಚಾತ್ಯ ಪದ್ಧತಿಯ ಶ್ರುತಿ. ನಮ್ಮ ಕರ್ನಾಟಕ ಸಂಗೀತದಲ್ಲಿ ಪಿಟೀಲನ್ನು ಸ-ಪ-ಸ-ಪ ಅಂತ ಬೇರೆ ರೀತಿ ಕೂಡಿಸುತ್ತಾರೆ. ಅಣ್ಣ ಚರ್ಚಿನ ಗಾಯನ ತಂಡದಲ್ಲಿ ಕಲಿತವರು, ಹಾಗಾಗಿ ಅವರ ಬೆರಳುಗಳಿಗೆ ಜಾಗಗಳು ಗೊತ್ತಿದ್ದವು. ತೆರೆದ ತಂತಿ ಮೀಟಿದರು. ಸರಿ ಇತ್ತು. ಮೊದಲ ಫ್ರೆಟ್, ಅಂದರೆ ಕತ್ತಿನ ಮೇಲಿನ ಮೊದಲ ಲೋಹದ ಅಡ್ಡಗೆರೆ, ಒತ್ತಿ ಮೀಟಿದರು. ಮುಖ ಸಿಂಡರಿಸಿದರು. ಹನ್ನೆರಡನೇ ಫ್ರೆಟ್ ಒತ್ತಿದರು. ಕೆಳಗಿಟ್ಟರು.

"ನಿನ್ನ ಬೆರಳಿಗೇನೂ ಆಗಿಲ್ಲ. ಇದಕ್ಕೆ ಎರಡು ಕಾಯಿಲೆ ಉಂಟು."

ಮೊದಲನೆಯದು ನಟ್. ತಲೆಯ ಹತ್ತಿರ ತಂತಿಗಳು ಕೂರುವ ಬಿಳಿ ಪಟ್ಟಿ ಅದು. ಅದರ ಗಾಡಿಗಳನ್ನು, ಅಂದರೆ ತಂತಿ ಕೂರುವ ಸಣ್ಣ ಸೀಳುಗಳನ್ನು, ಆಳವಾಗಿ ಕೊರೆದೇ ಇರಲಿಲ್ಲ. ತಂತಿ ತುಂಬ ಎತ್ತರದಲ್ಲಿತ್ತು. ಅಷ್ಟು ಮೇಲಿನಿಂದ ಫ್ರೆಟ್‌ವರೆಗೆ ಒತ್ತುವಾಗ ತಂತಿ ಎಳೆದುಕೊಳ್ಳುತ್ತದೆ, ಎಳೆದ ಕೂಡಲೇ ಶ್ರುತಿ ಏರುತ್ತದೆ. ನಟ್‌ಗೆ ಹತ್ತಿರದ ಫ್ರೆಟ್‌ಗಳಲ್ಲಿ ಇದು ಅತಿ ಜಾಸ್ತಿ. ಎರಡನೆಯದು ನಾನೇ ಇಟ್ಟ ಬ್ರಿಡ್ಜ್. ಅದು ಕತ್ತಿನ ಕಡೆಗೆ ಅರ್ಧ ಸೆಂಟಿಮೀಟರ್ ಸರಿದು ನಿಂತಿತ್ತು. ಮ್ಯಾಂಡೋಲಿನ್‌ನ ತಂತಿ ಮೊದಲೇ ಗಿಡ್ಡ, ನಟ್‌ನಿಂದ ಬ್ರಿಡ್ಜ್‌ಗೆ ಸುಮಾರು 35 ಸೆಂಟಿಮೀಟರ್. ಅಷ್ಟು ಗಿಡ್ಡ ತಂತಿಯಲ್ಲಿ ಅರ್ಧ ಸೆಂಟಿಮೀಟರ್ ಅಂದರೆ ಸಣ್ಣ ತಪ್ಪಲ್ಲ.

ಮಾರಿದ ಅಂಗಡಿಗೆ ಫೋನ್ ಮಾಡಿದೆ. "ಎಲ್ಲ ಹಾಗೇ ಬರೋದು ಸಾರ್" ಅಂದರು. ನನಗೆ ಬೇಸರವಾಯಿತು, ಈಗಲೂ ಇದೆ. ಹೊಸದಾಗಿ ಕಲಿಯುವ ಹುಡುಗ ಒಬ್ಬ ಇದೇ ಮ್ಯಾಂಡೋಲಿನ್ ಕೊಂಡಿದ್ದರೆ ತನಗೆ ಸಂಗೀತವೇ ಬರುವುದಿಲ್ಲ ಅಂದುಕೊಂಡು ಅದನ್ನು ಅಟ್ಟಕ್ಕೆ ಹಾಕುತ್ತಿದ್ದ. ಹೀಗೆ ಅಟ್ಟ ಸೇರಿದ ವಾದ್ಯಗಳು ಎಷ್ಟೋ ಇರಬೇಕು.

ಬ್ರಿಡ್ಜ್ ಸರಿ ಮಾಡಲು ಹತ್ತು ನಿಮಿಷ ಸಾಕಾಯಿತು. ಹನ್ನೆರಡನೇ ಫ್ರೆಟ್ ಮೇಲೆ ತಂತಿಗೆ ಬೆರಳು ಸುಮ್ನೆ ತಾಗಿಸಿ ಮೀಟಿದರೆ ಗಂಟೆಯ ಹಾಗೆ ಒಂದು ಸದ್ದು ಬರುತ್ತದೆ. ಅದೇ ಫ್ರೆಟ್ ಒತ್ತಿ ಮೀಟಿದರೂ ಅದೇ ಸ್ವರ ಬರಬೇಕು. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜನ್ನು ಬಾಲದ ಕಡೆಗೆ ಸರಿಸಬೇಕು, ಇಳಿದಿದ್ದರೆ ಕತ್ತಿನ ಕಡೆಗೆ. ತಂತಿ ಸ್ವಲ್ಪ ಸಡಿಲ ಮಾಡಿಕೊಂಡು ಕೂದಲೆಳೆಯಷ್ಟು ಸರಿಸುವುದು, ಮತ್ತೆ ನೋಡುವುದು. ಕೊನೆಗೆ ಬ್ರಿಡ್ಜ್ ನಿಂತ ಜಾಗಕ್ಕೆ ಪೆನ್ಸಿಲ್‌ನಲ್ಲಿ ಸಣ್ಣ ಗುರುತು ಹಾಕಿದೆ. ಬ್ರಿಡ್ಜನ್ನೇ ತೆಗೆಯಬೇಕಾದ ಕೆಲಸ ಬಿಟ್ಟರೆ, ಆಮೇಲೆ ಎಂಟೂ ತಂತಿ ಒಟ್ಟಿಗೆ ಬಿಚ್ಚಲಿಲ್ಲ. ಒಂದೊಂದೇ ಬದಲಿಸಿದರೆ ಬ್ರಿಡ್ಜ್ ಅಲುಗುವುದಿಲ್ಲ.

ನಟ್ ಮಾತ್ರ ಒಂದು ವಾರ ತಿಂದಿತು. ಅದಕ್ಕೆ ಅಂತಲೇ ಅರಗಳು ಬರುತ್ತವೆ, ಆದರೆ ಒಂದು ಸೆಟ್ಟಿನ ಬೆಲೆ ನನ್ನ ಮ್ಯಾಂಡೋಲಿನ್‌ಗಿಂತ ಜಾಸ್ತಿ. ನಮ್ಮ ಮನೆಗೆ ಬಾಗಿಲು ಕಿಟಕಿ ಮಾಡಿಕೊಟ್ಟ ಆಚಾರಿಯ ಹತ್ತಿರ ತೆಗೆದುಕೊಂಡು ಹೋದೆ. ಅವರು ಈ ವಾದ್ಯವನ್ನು ಕೈಯಲ್ಲಿ ಹಿಡಿದದ್ದೇ ಮೊದಲು. ತಿರುಗಿಸಿ ನೋಡಿದರು, ಬೆರಳಿನಿಂದ ತಟ್ಟಿದರು.

"ಇದು ಪ್ಲೈವುಡ್ ಅಲ್ವಾ?"

"ಹೌದು ಆಚಾರಿ. ಒಳ್ಳೇದಕ್ಕೆಲ್ಲ ಮೇಲ್ಗಡೆ ಇಡೀ ಮರದ ಹಲಗೆ ಹಾಕ್ತಾರಂತೆ."

"ಪರ್ವಾಗಿಲ್ಲ. ಕೂರುವ ಕಡೆ ಸರಿಯಾಗಿ ಕೂತ್ರೆ ಪ್ಲೈವುಡ್ಡೂ ಮಾತಾಡ್ತದೆ."

ಉಪಾಯ ಕೊಟ್ಟಿದ್ದೂ ಅವರೇ. ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಗ್ಯಾಸ್ ನಾಜಲ್ ಚೊಕ್ಕ ಮಾಡುವ ಸಣ್ಣ ಉಕ್ಕಿನ ಕಡ್ಡಿಗಳ ಗೊಂಚಲು ಇತ್ತು. ಒಂದೊಂದು ಕಡ್ಡಿ ಒಂದೊಂದು ದಪ್ಪ, ಮೈಯೆಲ್ಲ ಅರದ ಹಾಗೆ ಹಲ್ಲು. ದಪ್ಪ ತಂತಿಗಳ ಗಾಡಿಗೆ ಅದೇ ಸಾಕಾಯಿತು. ತೆಳು ತಂತಿಗಳಿಗೆ ಆ ಕಡ್ಡಿ ದಪ್ಪವಾಗುತ್ತಿತ್ತು. ಹಾಗಾಗಿ ತೆಳು ಬ್ಲೇಡಿಗೆ ನುಣುಪು ಸ್ಯಾಂಡ್ ಪೇಪರ್ ಮಡಚಿ ಉಜ್ಜಿದೆವು. ಎರಡು ಸಲ ಉಜ್ಜುವುದು, ತಂತಿ ಕೂರಿಸಿ ನೋಡುವುದು. ನೋಡುವ ಕ್ರಮ ಹೀಗೆ: ಎರಡನೇ ಮೂರನೇ ಫ್ರೆಟ್‌ಗಳ ನಡುವೆ ತಂತಿ ಒತ್ತಿ ಹಿಡಿಯಬೇಕು. ಆಗ ಮೊದಲ ಫ್ರೆಟ್‌ಗೂ ತಂತಿಗೂ ನಡುವೆ ಒಂದು ಕೂದಲಷ್ಟೇ ಸಂದು ಇರಬೇಕು. ಅದಕ್ಕಿಂತ ಕೆಳಗೆ ಹೋದರೆ ತೆರೆದ ತಂತಿ ಗರಗರ ಅನ್ನುತ್ತದೆ.

ಒಂದು ಗಾಡಿ ಕೆಳಗೆ ಹೋಗಿಯೇಬಿಟ್ಟಿತು. ಎ ತಂತಿಯದು. ನನಗೆ ಎದೆ ಧಸಕ್ ಅಂದಿತು. ಆಚಾರಿ ಒಳಗೆ ಹೋಗಿ ಅವರ ಹೆಂಡತಿಯ ಹತ್ತಿರ ಒಂದು ಚಿಟಿಕೆ ಅಡುಗೆ ಸೋಡಾ ಕೇಳಿ ತಂದರು. ಗಾಡಿಗೆ ಸೋಡಾ ತುಂಬಿ ಮೇಲೆ ಒಂದು ಹನಿ ಫೆವಿಕ್ವಿಕ್ ಬಿಟ್ಟರು. ಕ್ಷಣದಲ್ಲಿ ಕಲ್ಲಾಯಿತು. ಮತ್ತೆ ಮೊದಲಿನಿಂದ ಕೊರೆದೆವು. ಗಿಟಾರ್ ರಿಪೇರಿಯವರೂ ಇದನ್ನೇ ಮಾಡುತ್ತಾರೆ ಅಂತ ನನಗೆ ಆಮೇಲೆ ಗೊತ್ತಾಯಿತು.

ಆಚಾರಿ ಇನ್ನೊಂದು ಕೆಲಸವನ್ನೂ ಮಾಡಿಕೊಟ್ಟರು, ಸದ್ದು ನಿಜವಾಗಿ ಬದಲಾದದ್ದು ಅದರಿಂದ. ಬ್ರಿಡ್ಜ್‌ನ ಅಡಿ ಚಪ್ಪಟೆಯಾಗಿತ್ತು, ಆದರೆ ಮ್ಯಾಂಡೋಲಿನ್‌ನ ಮೇಲ್ಮೈ ಸ್ವಲ್ಪ ಉಬ್ಬಿರುತ್ತದೆ. ಹಾಗಾಗಿ ಬ್ರಿಡ್ಜ್ ನಡುವಿನಲ್ಲಷ್ಟೇ ತಾಗಿ ನಿಂತಿತ್ತು. ಅವರು ಸ್ಯಾಂಡ್ ಪೇಪರನ್ನು ಒರಟು ಮುಖ ಮೇಲಾಗಿ ಮ್ಯಾಂಡೋಲಿನ್ ಮೇಲೆ ಹಾಸಿದರು. ಬ್ರಿಡ್ಜನ್ನು ಅದರ ಮೇಲಿಟ್ಟು ಹಿಂದೆ ಮುಂದೆ ಉಜ್ಜಿದರು. ಕಾಲು ಗಂಟೆಯಲ್ಲಿ ಅಡಿ ಆ ಉಬ್ಬಿಗೆ ಸರಿಯಾಗಿ ಹೊಂದಿತು. ಬೆಳಕಿಗೆ ಹಿಡಿದರೆ ಎಲ್ಲೂ ಸಂದು ಕಾಣಲಿಲ್ಲ. ಹನ್ನೆರಡನೇ ಫ್ರೆಟ್ ಹತ್ತಿರ ತಂತಿಯ ಎತ್ತರವನ್ನು 2 ಮಿಲಿಮೀಟರ್‌ಗಿಂತ ಸ್ವಲ್ಪ ಕೆಳಗೆ ಇಳಿಸಿದೆವು. ಬಾಲದ ಕಡೆ ಒಂದು ಲೋಹದ ಸದ್ದು ಗಿಣಿಗಿಣಿ ಅನ್ನುತ್ತಿತ್ತು. ಅಲ್ಲಿಗೆ ತಂತಿಗಳ ನಡುವೆ ಹಳೆ ಸೈಕಲ್ ಟ್ಯೂಬಿನ ತುಂಡು ಸೇರಿಸಿದೆ. ನಿಂತಿತು. ಮೈಸೂರಿನಿಂದ ತೆಳು ತಂತಿಯ ಹೊಸ ಸೆಟ್ಟು ತಂದು ಹಾಕಿದೆ. ತುದಿಯಲ್ಲಿ ಉಂಗುರ ಇರುವ ತಂತಿಯೇ ಬೇಕು ಅಂತ ಅಂಗಡಿಯಲ್ಲಿ ಹೇಳಿ ಕೇಳಬೇಕು, ಗಿಟಾರ್ ತಂತಿ ಇದಕ್ಕೆ ಆಗುವುದಿಲ್ಲ.

ಅಂದು ಸಂಜೆ ಮೊದಲ ಸಲ ಜಿ ಕಾರ್ಡ್ ಸಿಹಿಯಾಗಿ ಕೇಳಿತು. ಎರಡು ತೆರೆದ ಜೋಡಿ, ಎ ತಂತಿಯಲ್ಲಿ ಎರಡನೇ ಫ್ರೆಟ್, ಇ ತಂತಿಯಲ್ಲಿ ಮೂರನೆಯದು. ಎರಡೇ ಬೆರಳು. ನಾನು ಅದನ್ನೇ ಕತ್ತಲಾಗುವ ತನಕ ನುಡಿಸಿದೆ.

ಆಮೇಲೆ ಕೈಯ ಕಥೆ. ಬೇರೆ ವಾದ್ಯ ಗೊತ್ತಿದ್ದವರಿಗೆ ಇದು ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ತಲೆಗೆ ಸುಲಭವೇ. ಗಿಟಾರ್‌ನ ದಪ್ಪ ನಾಲ್ಕು ತಂತಿಗಳು ಇ, ಎ, ಡಿ, ಜಿ. ಅದನ್ನೇ ತಿರುಗಿಸಿ ಹಾಕಿದರೆ ಮ್ಯಾಂಡೋಲಿನ್. ಹಾಡುಗಳು ಗೊತ್ತು, ಕಾರ್ಡ್ ಎಲ್ಲಿ ಬದಲಾಗುತ್ತದೆ ಅಂತಲೂ ಗೊತ್ತು. ಆದರೆ ಕೈಗೆ ಹಳೆಯ ಅಭ್ಯಾಸಗಳು ಅಂಟಿರುತ್ತವೆ. ಗಿಟಾರ್‌ನಲ್ಲಿ ಒಂದು ಬೆರಳಿಗೆ ಒಂದು ಫ್ರೆಟ್. ಇಲ್ಲಿ ಒಂದು ಬೆರಳಿಗೆ ಎರಡು ಫ್ರೆಟ್. ತೋರುಬೆರಳಿಗೆ ಒಂದು ಮತ್ತು ಎರಡು, ನಡುಬೆರಳಿಗೆ ಮೂರು ಮತ್ತು ನಾಲ್ಕು, ಉಂಗುರದ ಬೆರಳಿಗೆ ಐದು ಮತ್ತು ಆರು, ಕಿರುಬೆರಳಿಗೆ ಏಳು. ಏಳನೇ ಫ್ರೆಟ್‌ನಲ್ಲಿ ಸಿಗುವ ಸ್ವರವೇ ಪಕ್ಕದ ತೆರೆದ ತಂತಿ. ಇದು ಅಣ್ಣನ ಫಿಡಲ್ ಲೆಕ್ಕ. ಒಂದು ತಿಂಗಳು ನನ್ನ ನಡುಬೆರಳು ಎರಡನೇ ಫ್ರೆಟ್‌ಗೇ ಹೋಗುತ್ತಿತ್ತು.

ಬಲಗೈಗೆ ತೊಂದರೆ ಕೊಟ್ಟದ್ದು ಬ್ಯಾಂಜೊ. ಬ್ಯಾಂಜೊದಲ್ಲಿ ಕಿರುಬೆರಳನ್ನು ಚರ್ಮದ ಮೇಲೆ ಊರಿ ಮೂರು ಬೆರಳಿನಲ್ಲಿ ಮೀಟುತ್ತೇವೆ. ಮ್ಯಾಂಡೋಲಿನ್‌ನಲ್ಲಿ ಹಾಗೆ ಊರಿದರೆ ಮಣಿಕಟ್ಟು ಸಿಕ್ಕಿಹಾಕಿಕೊಳ್ಳುತ್ತದೆ. ಅದು ಗಾಳಿಯಲ್ಲಿ ಸಡಿಲವಾಗಿ ಓಡಾಡಬೇಕು. ಪಿಕ್, ಅಂದರೆ ತಂತಿ ಮೀಟುವ ಬಿಲ್ಲೆ, ದಪ್ಪ ಇರಬೇಕು, ನಾನು ಈಗ 1.4 ಮಿಲಿಮೀಟರ್‌ನದು ಹಿಡಿಯುತ್ತೇನೆ. ತೆಳು ಪಿಕ್ ಜೋಡಿ ತಂತಿಯಲ್ಲಿ ಒಂದನ್ನೇ ತಾಗಿ ಜಾರುತ್ತದೆ, ಸದ್ದು ಚಿರಿಚಿರಿ ಅನ್ನುತ್ತದೆ. ಪಿಕ್‌ನ ಚೂಪು ತುದಿ ಬಿಟ್ಟು ದುಂಡು ಭುಜದಲ್ಲಿ ಮೀಟಿ ನೋಡಿ. ಅಗ್ಗದ ಮ್ಯಾಂಡೋಲಿನ್‌ನ ತಗಡಿನಂಥ ಸದ್ದು ಅರ್ಧ ಕಮ್ಮಿಯಾಗುತ್ತದೆ.

ನಟ್ ಕೆಲಸ ನಡೆಯುತ್ತಿದ್ದ ವಾರ ನಾನು ಒಂದು ಪ್ರಯೋಗ ಮಾಡಿದ್ದೆ. ಜೋಡಿಯಿಂದ ಒಂದೊಂದು ತಂತಿ ತೆಗೆದು ನಾಲ್ಕೇ ತಂತಿಯಲ್ಲಿ ನುಡಿಸಿದೆ. ಇದು ನನ್ನ ತಲೆಯಿಂದ ಬಂದದ್ದಲ್ಲ. ಬ್ಲೂಗ್ರಾಸ್‌ನ ತಂದೆ ಅಂತ ಕರೆಸಿಕೊಂಡ ಬಿಲ್ ಮನ್ರೊ 1911ರಲ್ಲಿ ಕೆಂಟಕಿಯಲ್ಲಿ ಹುಟ್ಟಿದವರು, ಮನೆಯಲ್ಲಿ ಎಲ್ಲರಿಗಿಂತ ಕಿರಿಯರು. ಅಣ್ಣಂದಿರು ಫಿಡಲ್, ಗಿಟಾರ್ ಹಿಡಿದುಬಿಟ್ಟಿದ್ದರು. ಇವರಿಗೆ ಉಳಿದದ್ದು ಮ್ಯಾಂಡೋಲಿನ್. ಅದರಲ್ಲೂ ಸದ್ದು ಜಾಸ್ತಿಯಾಗಬಾರದು ಅಂತ ನಾಲ್ಕು ತಂತಿ ತೆಗೆಸಿದರಂತೆ. ಮುಂದೆ ಅವರು ಕಟ್ಟಿದ 'ಬ್ಲೂ ಗ್ರಾಸ್ ಬಾಯ್ಸ್' ತಂಡದಿಂದಲೇ ಈ ಸಂಗೀತಕ್ಕೆ ಹೆಸರು ಬಂತು. 1945ರ ಕೊನೆಗೆ ಅರ್ಲ್ ಸ್ಕ್ರಗ್ಸ್ ಬ್ಯಾಂಜೊ ಹಿಡಿದು ಆ ತಂಡ ಸೇರಿದ ಮೇಲೆ ನಾವು ಇವತ್ತು ಕೇಳುವ ಸದ್ದು ಗಟ್ಟಿಯಾಯಿತು. ನಮ್ಮಲ್ಲಿ ಯು. ಶ್ರೀನಿವಾಸ್ ಅವರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಂಡ ವಿದ್ಯುತ್ ಮ್ಯಾಂಡೋಲಿನ್‌ನಲ್ಲೂ ಜೋಡಿ ತಂತಿ ಇರಲಿಲ್ಲ, ಒಂಟಿ ತಂತಿಗಳು ಐದು. ನನಗೆ ಆ ವಾರ ನಾಲ್ಕು ತಂತಿಯಲ್ಲಿ ಬೆರಳಿಗೂ ಕಿವಿಗೂ ಆರಾಮ ಸಿಕ್ಕಿತು. ಜಾಗಗಳು ಗೊತ್ತಾದ ಮೇಲೆ ಮತ್ತೆ ಜೋಡಿ ಹಾಕಿದೆ. ಕೈ ಸೋತವರು ಇದನ್ನು ಮಾಡಿ ನೋಡಬಹುದು.

ಈಗ ಚಾಪ್. ಅದಕ್ಕಾಗಿಯೇ ಅಲ್ವಾ ಇಷ್ಟೆಲ್ಲ.

ಚಾಪ್‌ಗೆ ತೆರೆದ ತಂತಿ ಬರಬಾರದು. ಎಲ್ಲವನ್ನೂ ಒತ್ತಿ ಹಿಡಿದಿರಬೇಕು, ಇಲ್ಲವಾದರೆ ಸದ್ದನ್ನು ಸಾಯಿಸಲು ಆಗುವುದಿಲ್ಲ. ಜಿ ಚಾಪ್ ಕಾರ್ಡ್ ಹೀಗಿದೆ: ಜಿ ತಂತಿಯಿಂದ ಶುರುಮಾಡಿದರೆ ಫ್ರೆಟ್‌ಗಳು 7, 5, 2, 3. ನಾಲ್ಕೂ ಬೆರಳು ಬೇಕು, ಕಿರುಬೆರಳು ಏಳಕ್ಕೆ ಚಾಚಬೇಕು. ಮೊದಲ ದಿನ ನನ್ನ ಕೈ ಅಲ್ಲಿಗೆ ಹೋಗಲೇ ಇಲ್ಲ. ಏಳನ್ನು ಬಿಟ್ಟು ಮೂರು ಜೋಡಿಯಲ್ಲಷ್ಟೇ, 5, 2, 3 ಅಂತ ಹಿಡಿದೆ. ಕೂಟದಲ್ಲಿ ಅದೇ ಸಾಕು, ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಇಂಥ ಕಾರ್ಡನ್ನು ಹಾಗೇ ಎರಡು ಫ್ರೆಟ್ ಮೇಲೆ ಜಾರಿಸಿದರೆ ಎ ಆಗುತ್ತದೆ. ಒಂದು ಆಕಾರ ಕಲಿತರೆ ಹಲವು ಕಾರ್ಡ್ ಕೈಗೆ ಬಂದ ಹಾಗೆ.

ಮೀಟಿದ ಕೂಡಲೇ ಎಡಗೈ ಬೆರಳುಗಳನ್ನು ಸಡಿಲ ಬಿಡಬೇಕು. ತಂತಿಯಿಂದ ಎತ್ತಬಾರದು, ಒತ್ತಡ ಮಾತ್ರ ತೆಗೆಯಬೇಕು. ಆಗ 'ಚಕ್'. ಬಲಗೈ ಎಷ್ಟು ಜೋರಾಗಿ ಬಡಿದರೂ ಚಾಪ್ ಬರುವುದಿಲ್ಲ, ಅದು ಇರುವುದು ಎಡಗೈಯಲ್ಲಿ. ಇದು ನನಗೆ ಅರ್ಥವಾಗಲು ಮೂರು ವಾರ ಹಿಡಿಯಿತು. ಫೋನಿನಲ್ಲಿ ತಾಳ ತಟ್ಟುವ ಮೆಟ್ರೊನೋಮ್ ಹಾಕಿಕೊಂಡು, ಅದರ ಟಕ್ ಅನ್ನುವುದೇ ನನ್ನ ಚಾಪ್ ಅಂತ ಅಂದುಕೊಂಡು ಅಭ್ಯಾಸ ಮಾಡಿದೆ. ದುಂ ಅನ್ನುವುದನ್ನು ಕಾಲಿನಲ್ಲಿ ತಟ್ಟಿದೆ. ನಮ್ಮ ಊರಲ್ಲಿ ವಾಲಗ ಶುರುವಾದರೆ ಮಕ್ಕಳಿಂದ ಹಿಡಿದು ಮುದುಕರವರೆಗೆ ಕಾಲು ತನ್ನಷ್ಟಕ್ಕೆ ಏಳುತ್ತದೆ. ಯಾರೂ ಎಣಿಸುವುದಿಲ್ಲ. ನನಗೆ ಅಲ್ಲಿಗೆ ಮುಟ್ಟಬೇಕಿತ್ತು.

ಮುಟ್ಟಿದ್ದು ಏಪ್ರಿಲ್‌ನಲ್ಲಿ. ಹೂಮಳೆ ಬಿದ್ದು ಕಾಫಿ ಹೂವೆಲ್ಲ ಉದುರಿದ್ದ ಸಮಯ. ಶೆಡ್ಡಿನಲ್ಲಿ ಅಣ್ಣ ಫಿಡಲ್ ಎತ್ತಿದರು, ಹುಡುಗ ಬಾಸ್ ಶುರುಮಾಡಿದ. ನಾನು ಒಂದು ಸ್ವರವನ್ನೂ ಬಿಡಿಯಾಗಿ ನುಡಿಸಲಿಲ್ಲ, ಬರೀ ಚಕ್ ಚಕ್ ಚಕ್. ನಾಲ್ಕು ಸಾಲು ಆಗುವಷ್ಟರಲ್ಲಿ ಅಣ್ಣ ಕಣ್ಣು ಮುಚ್ಚಿಕೊಂಡೇ ತಲೆ ಆಡಿಸಿದರು. ಹಾಡಿಗೆ ನೆಲ ಸಿಕ್ಕಿತ್ತು. ಅವತ್ತು ಗಿಟಾರ್ ಯಾರೂ ನುಡಿಸಲಿಲ್ಲ, ಯಾರಿಗೂ ಅದು ಬೇಕು ಅನ್ನಿಸಲೂ ಇಲ್ಲ.

ಜೂನ್ ಬಂತು. ಕೊಡಗಿನ ಮಳೆಗೆ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಮರದ ವಾದ್ಯ ಉಳಿಯುತ್ತದಾ? ಮರ ತೇವ ಕುಡಿದು ಉಬ್ಬುತ್ತದೆ, ಮೇಲ್ಮೈ ಏಳುತ್ತದೆ, ಅದರ ಜೊತೆ ಬ್ರಿಡ್ಜ್ ಏಳುತ್ತದೆ, ತಂತಿ ಮತ್ತೆ ಎತ್ತರವಾಗುತ್ತದೆ. ಜುಲೈ ಮೊದಲ ವಾರಕ್ಕೆ ನನ್ನ ಬೆರಳಿಗೆ ಅದು ಗೊತ್ತಾಯಿತು. ತಂತಿಗಳಿಗೆ ತುಕ್ಕು ಬೇರೆ.

"ಒಲೆ ಮೇಲಿನ ಅಟ್ಟದಲ್ಲಿ ಇಡು, ಎಲ್ಲ ಅಲ್ಲೇ ತಾನೇ ಒಣಗೋದು" ಅಂದರು ಅತ್ತೆ. ಅವರು ಹೇಳಿದ್ದು ಪ್ರೀತಿಯಿಂದ. ಆದರೆ ಆ ಬಿಸಿಗೆ ಅಂಟು ಬಿಟ್ಟುಕೊಳ್ಳುತ್ತದೆ, ಮರ ಸೀಳುತ್ತದೆ. "ಅತ್ತೆ, ಇದಕ್ಕೆ ಬಿಸಿ ಆಗೋದಿಲ್ಲ, ಬರೀ ಒಣ ಗಾಳಿ ಸಾಕು" ಅಂದೆ. ವಾದ್ಯಗಳಿಗೆ ಒಳ್ಳೆಯದು 45ರಿಂದ 55 ಶೇಕಡಾ ತೇವಾಂಶ. ಸಣ್ಣ ತೇವಾಂಶ ಮಾಪಕ ಒಂದನ್ನು ತಂದು ಕೋಣೆಯಲ್ಲಿಟ್ಟೆ. 92 ತೋರಿಸಿತು! ಗಟ್ಟಿ ಪೆಟ್ಟಿಗೆ ಒಂದು ಕೊಂಡೆ, ಒಳಗೆ ನೀಲಿ ಸಿಲಿಕಾ ಜೆಲ್ ಬಟ್ಟೆಯ ಚೀಲದಲ್ಲಿ ಹಾಕಿದೆ. ತೇವ ಕುಡಿದರೆ ಅದು ನಸುಗೆಂಪಾಗುತ್ತದೆ. ಆಗ ಬಿಸಿ ಮಾಡಿದರೆ ಮತ್ತೆ ನೀಲಿ. ಅದಕ್ಕೆ ಬೇರೆಯೇ ಒಂದು ಹಳೆ ಬಾಣಲೆ ಇಟ್ಟಿದ್ದೇನೆ, ಅಡುಗೆಯದ್ದು ಬಳಸಬಾರದು, ಆ ಬಣ್ಣ ವಿಷ. ಪೆಟ್ಟಿಗೆಯೊಳಗೆ 60ರ ಆಸುಪಾಸು ನಿಂತಿತು. ನುಡಿಸಿದ ಮೇಲೆ ತಂತಿ ಒರೆಸಿ, ಕೂಡಲೇ ಪೆಟ್ಟಿಗೆ ಮುಚ್ಚುವುದು. ಗೋಡೆಗೆ ನೇತುಹಾಕುವ ಆಸೆ ನಮ್ಮ ಊರಿನವರು ಮಳೆಗಾಲ ಮುಗಿಯುವ ತನಕ ಬಿಡಬೇಕು.

ಸೆಪ್ಟೆಂಬರ್‌ನಲ್ಲಿ ಎರಡನೆಯದು ಬಂತು. ಬೆಂಗಳೂರಿನಲ್ಲಿ ಒಬ್ಬರು ಮಾರುತ್ತಿದ್ದರು. ಅದೂ ಎ ಆಕಾರವೇ, ಆದರೆ ಮೇಲ್ಮೈ ಇಡೀ ಸ್ಪ್ರೂಸ್ ಮರದ್ದು. 18,000 ಕೊಟ್ಟೆ. ಕೊಳ್ಳುವ ಮೊದಲು ಮೊದಲ ಫ್ರೆಟ್, ಹನ್ನೆರಡನೇ ಫ್ರೆಟ್ ಎರಡನ್ನೂ ಒತ್ತಿ ನೋಡಿದೆ, ಬ್ರಿಡ್ಜ್‌ನ ಅಡಿ ಬೆಳಕಿಗೆ ಹಿಡಿದು ನೋಡಿದೆ, ಕತ್ತು ನೇರ ಇದೆಯಾ ಅಂತ ಒಂದು ಕಣ್ಣು ಮುಚ್ಚಿ ನೋಡಿದೆ. ಸದ್ದಿನಲ್ಲಿ ವ್ಯತ್ಯಾಸ ಇದೆ, ಸುಳ್ಳು ಹೇಳುವುದಿಲ್ಲ. ಬಿಡಿ ಸ್ವರಗಳು ದುಂಡಗೆ, ದೂರ ಹೋಗುತ್ತವೆ. ಆದರೆ ಚಾಪ್‌ಗೆ ಪ್ಲೈವುಡ್ಡಿನದೂ ಸಾಕು. ಅದರ ಸದ್ದು ಬೇಗ ಸಾಯುತ್ತದೆ, ಅಲ್ಲಿ ಬೇಕಾಗಿರುವುದೂ ಅದೇ. ದುಡ್ಡು ಕಮ್ಮಿ ಇದ್ದವರು ಮೊದಲು 5,000–6,000ದ್ದು ಕೊಂಡು, ಇನ್ನೊಂದು ಸಾವಿರ ನಟ್‌ಗೆ, ಬ್ರಿಡ್ಜ್‌ಗೆ, ಹೊಸ ತಂತಿಗೆ ಇಟ್ಟುಕೊಳ್ಳಿ. ಆ ಸಾವಿರವನ್ನು ಮಾತ್ರ ಉಳಿಸಬೇಡಿ.

ಹಳೆಯದು ಈಗ ಅಕ್ಕನ ಮಗನ ಹತ್ತಿರ ಇದೆ. ಮೊನ್ನೆ ಕಾವೇರಿ ಸಂಕ್ರಮಣದ ರಜೆಗೆ ಬಂದವನು ಅದರಲ್ಲಿ ಚಾಪ್ ಹಾಕಿದ, ನಾನು ಹೊಸದರಲ್ಲಿ ರಾಗ ಎತ್ತಿದೆ. ಬಾಸ್ ನುಡಿಸುವವರು ಇಲ್ಲದೆ ಅಣ್ಣನೇ ಕಾಲಿನಿಂದ ಹಲಗೆ ತಟ್ಟಿದರು. ಮುಂದಿನ ಭಾನುವಾರ ಬಿ ಕೀಯಲ್ಲಿ ನುಡಿಸೋಣ ಅಂದಿದ್ದಾರೆ. ಬಿ ಚಾಪ್ ಕಾರ್ಡ್ ಅಂದರೆ ಜಿ ತಂತಿಯಿಂದ ಶುರುಮಾಡಿ 4, 1, 2. ನಿನ್ನೆ ರಾತ್ರಿಯಿಂದ ಅದನ್ನೇ ಹಿಡಿದು ಕೂತಿದ್ದೇನೆ.